ಉಪ್ಪಿನ ಗಣಿಯ ಹುಡುಗಿಯ ವಾದ

ಪಿಯಾನೋದ ಮುಚ್ಚಳ ದಢಾರನೆ ಬಿದ್ದ ಸದ್ದು ಅಡುಗೆಮನೆಗೆ ಕೇಳಿದರೆ, ಇವತ್ತೂ ಮಾಸ್ಟ್ರ ನಾಟಕದ ಕೊನೆಯ ಅಂಕ ಬರಲಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಕೂಡಲೇ ಕಾಫಿಗೆ ನೀರಿಡುತ್ತಿದ್ದೆ. ಮಾಸ್ಟ್ರಿಗೆ ಸಿಟ್ಟು ಬಂದರೆ ಒಂದು ಕಾಫಿ ಬೇಕು, ಖುಷಿಯಾದರೆ ಎರಡು. ಆ ತಿಂಗಳು ಎರಡನೆಯ ಕಾಫಿ ಮಾಡಿದ ನೆನಪೇ ನನಗಿಲ್ಲ.

ಇದು ಎಪ್ಪತ್ತೊಂಬತ್ತರ ಜನವರಿಯ ಮಾತು. ಬಹರೈನಿನ ಅವಾಲಿಯಲ್ಲಿ ಎಣ್ಣೆ ಕಂಪೆನಿಯ ಒಬ್ಬ ಇಂಜಿನಿಯರರ ಮನೆಯಲ್ಲಿ ನಾನು ಅಡುಗೆಗಿದ್ದೆ. ಅವರೂ ಅವರ ಹೆಂಡತಿ ಗ್ರೇಟಾ ಮೇಡಮ್ಮೂ ಆಸ್ಟ್ರಿಯಾ ದೇಶದವರು. ಊರಿನ ಹಿಮ ತಡೆಯುವುದಿಲ್ಲವೆಂದು ಮೇಡಮ್ಮಿನ ಅಪ್ಪ ಚಳಿಗಾಲ ಕಳೆಯಲು ಮಗಳ ಮನೆಗೆ ಬಂದಿದ್ದರು. ಹೆಸರು ಅಲೋಯಿಸ್ ಕ್ರೆನ್‌ಮಾಯರ್. ನನ್ನ ನಾಲಿಗೆ ಅದಕ್ಕೆ ಹೊರಳಲಿಲ್ಲ, ಮಾಸ್ಟ್ರು ಎಂದೆ. ಅವರಿಗೂ ಅದು ಹಿಡಿಸಿತು.

ಮಾಸ್ಟ್ರು ಒಪೆರಾ ಬರೆಯುವವರು. ಒಪೆರಾ ಎಂದರೆ ಎಂಥದೆಂದು ನನಗೆ ಹೇಳಿಕೊಟ್ಟವರು ವ್ಯಾಲೆಂಟೈನ್ ಪೊರ್ಬುಗಳು. ಕ್ರಿಶ್ಚನ್ ಹಿರಿಯರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಮಂಗಳೂರಿನವರು, ಮನಾಮದ ಒಂದು ಆಫೀಸಿನಲ್ಲಿ ಟೈಪಿಸ್ಟ್, ಭಾನುವಾರ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದರು. ಮಾಸ್ಟ್ರ ಕಣ್ಣು ಮಂಜಾಗಿತ್ತು. ಅವರು ಗೀಚಿದ ಸ್ವರಗಳನ್ನು ದುಂಡಗೆ ಬರೆದುಕೊಡಲು ಪೊರ್ಬುಗಳು ಸಂಜೆ ಸಂಜೆ ಬರುತ್ತಿದ್ದರು.

"ನಿಮ್ಮ ಯಕ್ಷಗಾನದ ಹಾಗೆಯೇ ಚಂದ್ರಕ್ಕಾ," ಎಂದಿದ್ದರು. "ಆದರೆ ಭಾಗವತರಿಲ್ಲ. ವೇಷ ಹಾಕಿದವರೇ ಹಾಡಬೇಕು. ಸಾಯುವಾಗಲೂ ಹಾಡಬೇಕು."

"ಸಾಯುವಾಗ ಅಷ್ಟು ಉಸಿರು ಎಲ್ಲಿಂದ ಪೊರ್ಬುಗಳೇ?"

"ಅದನ್ನು ಮಾತ್ರ ಮಾಸ್ಟ್ರ ಹತ್ತಿರ ಕೇಳಬೇಡಿ."

ಮಾಸ್ಟ್ರು ಅಂಥವನ್ನು ನಲವತ್ತಕ್ಕೂ ಮೇಲೆ ಬರೆದಿದ್ದರು. ಸರಿಯಾಗಿ ಎಷ್ಟೆಂದು ಅವರಿಗೇ ಗೊತ್ತಿಲ್ಲ. ಹತ್ತೊಂಬತ್ತನೆಯ ವರ್ಷದಲ್ಲಿ ಶುರು. ನಾವು ಕಾವಲಿಯಿಂದ ನೀರುದೋಸೆ ಎಬ್ಬಿಸುವ ಹಾಗೆ ವರ್ಷಕ್ಕೊಂದು, ಕೆಲವು ವರ್ಷ ಎರಡು. ಚಪ್ಪಲಿ ಹೊಲಿಯುವವನ ಮೇಲೆ ಒಂದು, ಓಡಿಹೋದ ಪಾದ್ರಿಯ ಮೇಲೆ ಒಂದು, ಬೆಟ್ಟದ ಆಡಿನ ಮೇಲೂ ಒಂದು! ರೈಲಿನಲ್ಲಿ ಬರೆದರು, ಆಸ್ಪತ್ರೆಯಲ್ಲಿ ಬರೆದರು, ಮದುವೆಯ ದಿನ ಇಗರ್ಜಿಯ ಹಿಂದೆ ನಿಂತು ಬರೆದರಂತೆ. "ಅದಕ್ಕೇ ಮೊದಲನೆಯವಳು ಬಿಟ್ಟುಹೋದದ್ದು," ಎಂದು ಅವರೇ ಹೇಳಿ ನಗುತ್ತಿದ್ದರು. ಒಂದು ಕಾಲದಲ್ಲಿ ಅವರ ದೇಶದ ಊರೂರಲ್ಲಿ ಅವರ ಆಟ. ಆಮೇಲೆ ಪೇಪರಿನವರು ಅವರಿಗೆ 'ಕಾರ್ಖಾನೆ' ಎಂದು ಹೆಸರಿಟ್ಟರು. ಯುದ್ಧ ಬಂತು. ಕಾಲ ಬದಲಾಯಿತು. ಈಗ ಎಲ್ಲಿಯೂ ಒಂದೂ ಆಡುತ್ತಿರಲಿಲ್ಲ.

ಅಷ್ಟೆಲ್ಲ ಬರೆದವರಿಗೆ ಒಂದು ಮಾತ್ರ ಮುಗಿಯಲಿಲ್ಲ. ಯುದ್ಧಕ್ಕೂ ಮೊದಲು ಶುರು ಮಾಡಿದ್ದು. ಅದರ ಕಥೆಯನ್ನು ಮಾಸ್ಟ್ರು ತನ್ನ ಮುರುಕು ಇಂಗ್ಲಿಷಿನಲ್ಲಿ ನನ್ನ ಮುರುಕು ಇಂಗ್ಲಿಷಿಗೆ ಅಡುಗೆಮನೆಯ ಸ್ಟೂಲಿನಲ್ಲಿ ಕೂತು ಹೇಳಿದ್ದರು. ಬೆಟ್ಟದ ಕೆಳಗೊಂದು ಊರು. ಗಂಡಸರು ಬೆಟ್ಟದೊಳಗೆ ಉಪ್ಪು ಅಗೆಯುತ್ತಾರೆ. ಹೆಂಗಸರು ಗಣಿಗೆ ಕಾಲಿಡಬಾರದು, ಇಟ್ಟರೆ ಕೇಡು ಎಂದು ನಂಬಿಕೆ. ರೇಸಿ ಎಂಬ ಹುಡುಗಿ ಹಸಿದ ಅಪ್ಪನಿಗೆ ಬುತ್ತಿ ಕೊಡಲು ಅಣ್ಣನ ಅಂಗಿ ಹಾಕಿ ಒಳಗೆ ಹೋಗುತ್ತಾಳೆ. ಮರುದಿನ ಗಣಿ ಕುಸಿಯುತ್ತದೆ. ಅವಳನ್ನು ಅದೇ ಗಣಿಯೊಳಗೆ ಬಿಟ್ಟು ಗಣಿಯ ಬಾಯಿಗೆ ಗೋಡೆ ಕಟ್ಟಬೇಕೆಂದು ಊರ ಯಜಮಾನ ತೀರ್ಪು ಕೊಡುತ್ತಾನೆ. ಅವಳು ಹಾಡುತ್ತಾ ಒಳಗೆ ಹೋಗುತ್ತಾಳೆ.

"ಯಾಕೆ ಹೋಗುತ್ತಾಳೆ?" ಎಂದು ನಾನು ಕೇಳಿದೆ.

ಮಾಸ್ಟ್ರು ಮೇಜಿಗೆ ಗುದ್ದಿದರು. ಸಕ್ಕರೆ ಡಬ್ಬಿ ಹಾರಿತು. "ಅದೇ! ಅದೇ ಗೊತ್ತಿಲ್ಲ ನನಗೆ! ಎಷ್ಟು ಚಂದದ ಹಾಡು ಕೊಟ್ಟರೂ ಸುಳ್ಳು ಅನ್ನಿಸುತ್ತದೆ."

ಈಗ ಅವಸರ ಯಾಕೆಂದರೆ, ಅವರ ಹುಟ್ಟೂರಿನ ನಾಟಕಶಾಲೆಯವರು ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಇದೇ ಒಪೆರಾ ಆಡಿಸುವುದೆಂದು ಒಪ್ಪಿದ್ದರು. ತಿಂಗಳ ಕೊನೆಯೊಳಗೆ ಕೊನೆಯ, ಮೂರನೆಯ ಅಂಕ ಕೈಗೆ ಬರಬೇಕು, ಇಲ್ಲದಿದ್ದರೆ ಬೇರೆಯವರ ಆಟ ಇಟ್ಟುಕೊಳ್ಳುತ್ತೇವೆ ಎಂದು ಫೋನು ಮಾಡಿದ್ದರು. ಮೇಡಮ್ಮು ನನ್ನ ಹತ್ತಿರ ಕಣ್ಣು ತುಂಬಿ ಹೇಳಿದರು, "ಚಂದ್ರಾ, ಅಪ್ಪ ಸಾಯುವ ಮೊದಲು ತನ್ನದೊಂದು ಆಟ ಇನ್ನೊಮ್ಮೆ ರಂಗಕ್ಕೆ ಹತ್ತುವುದನ್ನು ಕೇಳಬೇಕು. ಅಷ್ಟೇ ಬೇಕಾದ್ದು ಅವರಿಗೆ."

ತಿಂಗಳ ಕೊನೆ ದೂರ ಇರಲಿಲ್ಲ.

ಆ ಶುಕ್ರವಾರಕ್ಕೆ ನಾನು ರಜೆ ಕೇಳಿದೆ. ಮಾಹೂಝ್‌ನಲ್ಲಿ ರಮಾನಾಥ ಭಾಗವತರ ಫ್ಲಾಟಿನ ತಾರಸಿಯಲ್ಲಿ ನಮ್ಮೂರಿನವರ ತಾಳಮದ್ದಳೆ ಇತ್ತು.

"ಅದೆಂಥದು?" ಎಂದರು ಮಾಸ್ಟ್ರು.

ಹೇಗೆ ಹೇಳುವುದು? ವೇಷ ಇಲ್ಲ, ಕುಣಿತ ಇಲ್ಲ. ನಡುವೆ ಭಾಗವತರು, ಮದ್ದಳೆಯವರು. ಆಚೆ ಈಚೆ ಅರ್ಥ ಹೇಳುವವರು ಎದುರುಬದುರು ಕೂರುತ್ತಾರೆ. ಭಾಗವತರು ಕಥೆಯ ಪದ್ಯ ಹಾಡುತ್ತಾರೆ, ಆಮೇಲೆ ಪಾತ್ರದವರು ಮಾತಾಡುತ್ತಾರೆ, ಅದಕ್ಕೇ ಅರ್ಥ ಎನ್ನುವುದು, ಒಬ್ಬರನ್ನೊಬ್ಬರು ಕೆಣಕುತ್ತಾರೆ, ವಾದಿಸುತ್ತಾರೆ. ಮಾತು ಮೊದಲೇ ಬರೆದಿಟ್ಟದ್ದಲ್ಲ, ಅಲ್ಲಿ ಕೂತಲ್ಲೇ ಹುಟ್ಟಬೇಕು.

"ಬರೆದಿಲ್ಲವಾ?" ಮಾಸ್ಟ್ರು ಎದ್ದು ನಿಂತರು. "ಕಥೆಯಲ್ಲಿ ಸೋಲಬೇಕಾದವನು ವಾದದಲ್ಲಿ ಗೆದ್ದುಬಿಟ್ಟರೆ?"

"ಗೆಲ್ಲುತ್ತಾರೆ ಮಾಸ್ಟ್ರೇ, ಎಷ್ಟೋ ಸಲ. ಆಗ ಭಾಗವತರು ಮುಂದಿನ ಪದ್ಯ ಎತ್ತಿ ಕಥೆಯನ್ನು ಎಳೆದುಕೊಂಡು ಹೋಗುತ್ತಾರೆ."

ಮಾಸ್ಟ್ರು ಕಾಫಿಯನ್ನು ಅಲ್ಲಿಯೇ ಬಿಟ್ಟು ಫೋನಿನ ಹತ್ತಿರ ಓಡಿದರು. ಆ ಸಂಜೆ ವ್ಯಾಲೆಂಟೈನ್ ಪೊರ್ಬುಗಳು ಕಾರಿಳಿಯುವುದರೊಳಗೆ ಮಾಸ್ಟ್ರು ಅವರ ತೋಳು ಹಿಡಿದರು. ನನ್ನ ರೇಸಿಯನ್ನು ನಿಮ್ಮವರ ನಡುವೆ ಕೂರಿಸಿ! ಶುಕ್ರವಾರವೇ! ಎಂದು ಒಂದೇ ಹಟ.

ನಾನೂ ಪೊರ್ಬುಗಳೂ ರಮಾನಾಥ ಭಾಗವತರ ಮನೆಗೆ ಹೋದೆವು. ಹೋಟೆಲಿನಲ್ಲಿ ಕ್ಯಾಶಿಯರಾಗಿದ್ದವರು, ಕಂಠ ಮಾತ್ರ ಗಂಟೆ. ಅರ್ಥ ಹೇಳುವ ಇಬ್ಬರೂ ಅಲ್ಲಿಯೇ ಇದ್ದರು. ತಾರಾನಾಥರು ಹಿದ್‌ನಲ್ಲಿ ಹಡಗು ರಿಪೇರಿಯ ಯಾರ್ಡಿನ ಸೂಪರ್‌ವೈಸರು, ರಾಜನ ಪಾತ್ರವೆಂದರೆ ಅವರಿಗೇ. ಇನ್ನೊಬ್ಬರು ಲೋಕಯ್ಯಣ್ಣ. ಮನಾಮದಲ್ಲಿ ಟೈಲರ್ ಅಂಗಡಿಯ ಮಾಲಕ, ಮೀಸೆಗೆ ಎಣ್ಣೆ ಹಚ್ಚಿ ತಿರುವಿದ ಆಸಾಮಿ. ಸ್ತ್ರೀಪಾತ್ರದ ಅರ್ಥದಲ್ಲಿ ಗಲ್ಫಿನಲ್ಲೇ ತನಗೆ ಎದುರಿಲ್ಲವೆಂದು ಅವರೇ ಹೇಳುತ್ತಿದ್ದರು. ಬೇರೆಯವರಿಗೆ ಹೇಳಲು ಅವಕಾಶ ಕೊಟ್ಟದ್ದಿಲ್ಲ.

"ಉಪ್ಪಿನ ಗಣಿಯ ಹುಡುಗಿ ಯಾವ ಪುರಾಣದಲ್ಲಿ ಉಂಟು ಮಾರಾಯ್ರೇ?" ಎಂದು ತಾರಾನಾಥರು ಮುಖ ಸಿಂಡರಿಸಿದರು.

"ಉಪ್ಪಿಲ್ಲದ ಪುರಾಣ ನಿಮ್ಮ ಬಾಯಲ್ಲಿ ನಾವು ಎಷ್ಟು ಸಲ ಕೇಳಿಲ್ಲ?" ಎಂದರು ಲೋಕಯ್ಯಣ್ಣ. "ಭಾಗವತರೇ, ನೀವು ಪದ್ಯ ಕಟ್ಟಿ. ಹುಡುಗಿ ನಾನೇ."

"ಮೀಸೆ?" ಎಂದರು ಪೊರ್ಬುಗಳು.

"ಮೀಸೆ ಮುಖಕ್ಕೆ ಪೊರ್ಬುಗಳೇ, ಮಾತಿಗಲ್ಲ."

ಶುಕ್ರವಾರ ಜುಮಾ ನಮಾಜು ಮುಗಿದು ರಸ್ತೆ ಖಾಲಿಯಾಗುವ ಹೊತ್ತಿಗೆ ತಾರಸಿ ತುಂಬಿತ್ತು. ತಲೆಯ ಮೇಲೆ ಶಾಮಿಯಾನ, ಕೆಳಗೆ ಚಾಪೆ, ಮೂಲೆಯಲ್ಲಿ ಚಹಾದ ಪಾತ್ರೆ. ಮಾಸ್ಟ್ರಿಗೆ ಕುರ್ಚಿ ಹಾಕಿದ್ದೆವು. ಅವರು ಕೋಟು ತೊಟ್ಟು, ಕೊರಳಿಗೆ ಕಪ್ಪು ಬೋ ಕಟ್ಟಿ ಬಂದಿದ್ದರು, ಥೇಟ್ ತನ್ನ ಊರಿನ ನಾಟಕಶಾಲೆಗೆ ಹೋದ ಹಾಗೆ. ಪೊರ್ಬುಗಳು ಪಕ್ಕದಲ್ಲಿ ಕೂತು ಒಂದೊಂದೂ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕೆಂದು ಮಾತಾಗಿತ್ತು.

ಗಣಪತಿ ಸ್ತುತಿಯಾಯಿತು. ಮದ್ದಳೆಯ ಮೊದಲ ಪೆಟ್ಟಿಗೇ ಮಾಸ್ಟ್ರ ಬೆರಳು ಮೊಣಕಾಲಿನ ಮೇಲೆ ಕುಣಿಯತೊಡಗಿತು. ರಮಾನಾಥರು ಜಾಗಟೆ ತಟ್ಟಿ ಎತ್ತಿದರು:

"ಕಲ್ಲು ಕುಸಿಯಿತು ಬೆಟ್ಟದೊಡಲಲಿ
ಕೊಲ್ಲಬಂದಿರೆ ನನ್ನನು..."

ತಾರಾನಾಥರು ಶಾಲು ಸರಿಮಾಡಿಕೊಂಡು ಗಂಟಲು ಕೆರೆದರು. "ಎಲೈ ತರುಣಿ! ಹೆಂಗಸರು ಗಣಿಗೆ ಕಾಲಿಡಕೂಡದೆಂಬ ಕಟ್ಟಳೆ ನಿನಗೆ ತಿಳಿಯದೇ?"

ಲೋಕಯ್ಯಣ್ಣ ತಲೆ ತಗ್ಗಿಸಿದ್ದರು. ಮೀಸೆ ಕಾಣುತ್ತಿರಲಿಲ್ಲ. ಮೆಲ್ಲಗೆ, ನಮ್ಮ ಮನೆಯ ಹುಡುಗಿಯ ಹಾಗೆ ಕೇಳಿದರು, "ತಿಳಿದಿದೆ ಯಜಮಾನರೇ. ಕಟ್ಟಳೆ ಮಾಡಿದವರು ಯಾರು?"

"ನಮ್ಮ ಹಿರಿಯರು."

"ಆ ಹಿರಿಯರನ್ನು ಹೆತ್ತವರು?"

ಹೆಂಗಸರ ಕಡೆಯಿಂದ ನಗು ಎದ್ದಿತು. ತಾರಾನಾಥರು ಬಿಡಲಿಲ್ಲ. "ಹೆತ್ತವಳಿಗೆ ಮನೆ, ದುಡಿಯುವವನಿಗೆ ಗಣಿ. ಕತ್ತಲೆಯ ಗುಹೆ ಗಂಡಸರದ್ದು!"

"ಹೌದೇ? ನೀವೆಲ್ಲ ಒಂಬತ್ತು ತಿಂಗಳು ಒಂದು ಕತ್ತಲೆಯ ಗುಹೆಯಲ್ಲಿ ಇದ್ದು ಬಂದವರಲ್ಲವೇ? ಅದು ಹೆಂಗಸಿನದು. ಅಲ್ಲಿಗೆ ಕಾಲಿಡುವಾಗ ಯಾರ ಅಪ್ಪಣೆ ಕೇಳಿದಿರಿ?"

ಅಯ್ಯೋ ದೇವರೇ, ತಾರಸಿ ಹಾರಿಹೋಯಿತು! ಚಪ್ಪಾಳೆ, ಶಿಳ್ಳೆ. ಕೆಳಗಿನ ಮನೆಯ ಹಲೀಮಾ ತನ್ನ ಕಿಟಕಿಯಿಂದ ಕತ್ತು ಹೊರಗೆ ಹಾಕಿ "ಏನಾಯ್ತು?" ಎಂದು ಕೂಗಿದಳು. ತಾರಾನಾಥರು ನೀರು ಕುಡಿದರು. ಮತ್ತೆ ನೀರು ಕುಡಿದರು. ರಮಾನಾಥರು ನೋಡಿದರು, ಇನ್ನು ಬಿಟ್ಟರೆ ಹುಡುಗಿ ಬದುಕಿಯೇಬಿಡುತ್ತಾಳೆ. ಜಾಗಟೆಗೆ ಜೋರಾಗಿ ಹೊಡೆದು "ಹೊರಟಳಾಗಲೆ ತರಳೆ ಗಣಿಯೆಡೆ" ಎಂದು ಮುಂದಿನ ಪದ್ಯಕ್ಕೆ ಹಾರಿಬಿಟ್ಟರು.

ಮಾಸ್ಟ್ರು ಮಾತ್ರ ಕುರ್ಚಿಯ ತುದಿಯಲ್ಲಿ ಕೂತು ಪೊರ್ಬುಗಳ ತೋಳು ಅಲ್ಲಾಡಿಸುತ್ತಿದ್ದರು. "ಏನಂದಳು? ನನ್ನ ರೇಸಿ ಏನಂದಳು?"

ಪೊರ್ಬುಗಳು ಕಣ್ಣೊರೆಸಿಕೊಳ್ಳುತ್ತಾ ಬಿದ್ದು ಬಿದ್ದು ನಗುತ್ತಿದ್ದರು. ಕೇಳುವ ಭರದಲ್ಲಿ ಅನುವಾದ ಮಾಡುವುದನ್ನು ಯಾವಾಗಲೋ ಮರೆತಿದ್ದರು! ಈಗ ತಡವರಿಸುತ್ತಾ, "ಗುಹೆ... ತಾಯಿ... ಒಂಬತ್ತು ತಿಂಗಳು..." ಎಂದರು. ಒಡೆದ ಮಡಕೆಯ ಚೂರು ಕೊಟ್ಟ ಹಾಗಾಯಿತು. ಮಾಸ್ಟ್ರ ಮುಖ ಕೆಂಪಾಯಿತು. ಎದ್ದವರೇ ಚಾಪೆಯ ಮೇಲಿನ ಕಾಲುಗಳನ್ನೆಲ್ಲ ದಾಟಿಕೊಂಡು ಲೋಕಯ್ಯಣ್ಣನ ಮುಂದೆ ಹೋಗಿ ನಿಂತರು. ಜಾಗಟೆ ನಿಂತಿತು.

"ಹೇಳಿದ್ದನ್ನು ಇನ್ನೊಮ್ಮೆ ಹೇಳಬೇಕಂತೆ," ಎಂದರು ಪೊರ್ಬುಗಳು ಹಿಂದಿನಿಂದ ಬಂದು.

"ಇನ್ನೊಮ್ಮೆಯಾ?" ಲೋಕಯ್ಯಣ್ಣನಿಗೆ ಅವಮಾನವಾದ ಹಾಗೆ. "ಹೇಳಿದ್ದನ್ನೇ ಹೇಳಲು ನಾನೇನು ರೇಡಿಯೋವಾ? ಅದು ಆಗ ಬಂತು, ಆಗಲೇ ಹೋಯಿತು. ಎದುರಿಗೊಬ್ಬರು ಕೂತು ಕೆಣಕಿದರೆ ಬೇರೆ ಬರಬಹುದು. ತಾರಾನಾಥರೇ, ಬರುತ್ತೀರಾ?"

ತಾರಾನಾಥರು ಚಹಾದ ಪಾತ್ರೆಯ ಹತ್ತಿರ ಬೆನ್ನು ಹಾಕಿ ನಿಂತಿದ್ದರು. "ನನಗೆ ಗಂಟಲು ಸರಿ ಇಲ್ಲ," ಎಂದರು ತಿರುಗದೆ.

ಸಿಕ್ಕಿದ್ದು ಕೈಜಾರಿ ಹೋಯಿತಲ್ಲ! ಈ ಮುದುಕರು ಮತ್ತೆ ಆ ಪಿಯಾನೋದ ಮುಚ್ಚಳ ಹಾಕಿ ಕೂರುವುದನ್ನು ನೋಡುವುದು ನನ್ನಿಂದಾಗದು. ಬಾಯಿ ತಡೆಯಲಿಲ್ಲ. "ಮಾಸ್ಟ್ರೇ, ಯಜಮಾನನನ್ನು ಹುಟ್ಟಿಸಿದವರು ನೀವೇ ಅಲ್ಲವಾ? ನೀವೇ ಕೂತುಕೊಳ್ಳಿ," ಎಂದೆ. ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಪೊರ್ಬುಗಳು ಈ ಸಲ ಮರೆಯದೆ ತಿರುಗಿಸಿದರು.

ಮಾಸ್ಟ್ರು ನನ್ನನ್ನು ನೋಡಿದರು. ಬೂಟು ಬಿಚ್ಚಿದರು. ಮೊಣಕಾಲು ಹಿಡಿದುಕೊಂಡು, ನರಳಿಕೊಂಡು, ತಾರಾನಾಥರು ಬಿಟ್ಟ ಚಾಪೆಯ ಮೇಲೆ ಕೂತರು! ಪೊರ್ಬುಗಳು ಇಬ್ಬರ ನಡುವೆ ಮಂಡಿಯೂರಿದರು. ರಮಾನಾಥರು ಮೊದಲಿನ ಪದ್ಯವನ್ನೇ ಇನ್ನಷ್ಟು ಏರಿಸಿ ಹಾಡಿದರು.

ಮಾಸ್ಟ್ರು ಶುರು ಮಾಡಿದರು. ಸ್ವರ ತಾರಾನಾಥರದ್ದರ ಹಾಗೆ ಗುಡುಗಲಿಲ್ಲ, ತಗ್ಗಿತ್ತು. "ಏಳು ಜನ ಸತ್ತಿದ್ದಾರೆ ಮಗಳೇ. ಏಳು ಹೆಂಡತಿಯರು ನನ್ನ ಹೊಸಿಲಲ್ಲಿ ಕೂತಿದ್ದಾರೆ. ಅವರಿಗೆ ನಾನೇನು ಹೇಳಲಿ?"

ಪೊರ್ಬುಗಳು ಕನ್ನಡದಲ್ಲಿ ಹೇಳಿದಾಗ ನಗು ಬರಲಿಲ್ಲ ಯಾರಿಗೂ. ಎದುರಾಳಿ ಗಟ್ಟಿ ಎಂದು ಲೋಕಯ್ಯಣ್ಣನಿಗೆ ಗೊತ್ತಾಯಿತು. ಕೂತಲ್ಲೇ ಸ್ವಲ್ಪ ಮುಂದೆ ಸರಿದರು.

"ನಿಜ ಹೇಳಿ ಯಜಮಾನರೇ. ಬೆಟ್ಟವನ್ನು ಒಳಗಿನಿಂದ ಅಗೆದು ಟೊಳ್ಳು ಮಾಡಿದವರು ಯಾರು?"

"ಅದು ಹೊಟ್ಟೆಪಾಡು."

"ನಾನು ಬುತ್ತಿ ಕೊಂಡುಹೋದದ್ದೂ ಹೊಟ್ಟೆಗೇ."

"ಅಗೆದದ್ದು ನೂರು ವರ್ಷ, ಕುಸಿಯಲಿಲ್ಲ. ನೀನು ಹೋದ ಮರುದಿನ ಕುಸಿಯಿತು!"

"ಓಹೋ. ಅಂದರೆ ನನ್ನ ಹೆಜ್ಜೆಗೆ ಕುಸಿಯಿತು."

"ನಿನ್ನ ಹೆಜ್ಜೆಗೇ!"

"ಕೇಳಿದಿರಾ ಎಲ್ಲರೂ?" ಲೋಕಯ್ಯಣ್ಣ ನಮ್ಮ ಕಡೆ ತಿರುಗಿದರು. ಆಮೇಲೆ ಮಾಸ್ಟ್ರ ಕಡೆ. "ನನ್ನ ಹೆಜ್ಜೆಗೆ ಬೆಟ್ಟ ಬೀಳಿಸುವ ಬಲ ಉಂಟು ಎಂದಾದರೆ, ನೀವು ಕಟ್ಟುವ ನಾಲ್ಕು ಅಡಿ ಗೋಡೆ ನನ್ನನ್ನು ಹೇಗೆ ತಡೆಯುತ್ತದೆ? ಹೆದರಿಕೊಂಡು ನನ್ನನ್ನು ಬಿಡಬೇಕು ನೀವು. ಅಷ್ಟು ಬಲ ನನಗಿಲ್ಲ ಎಂದಾದರೆ ಬೆಟ್ಟ ಬೀಳಿಸಿದವಳು ನಾನಲ್ಲ. ಆಗಲೂ ಬಿಡಬೇಕು. ಎರಡರಲ್ಲಿ ಒಂದು ಹೇಳಿ. ನಾನು ಕಾಯುತ್ತೇನೆ."

ಪೊರ್ಬುಗಳು ಇಂಗ್ಲಿಷಿಗೆ ತಿರುಗಿಸುತ್ತಾ ಹೋದ ಹಾಗೆ ಮಾಸ್ಟ್ರ ಹುಬ್ಬು ಮೇಲೇರುತ್ತಾ ಹೋಯಿತು. ಕೈ ಎತ್ತಿದರು. ಇಳಿಸಿದರು. ನಲವತ್ತು ಒಪೆರಾ ಬರೆದ ಮನುಷ್ಯ! ರಮಾನಾಥರ ಕೈ ಜಾಗಟೆಯ ಕಡೆ ಹೋಯಿತು. ಮಾಸ್ಟ್ರು ನೋಡಿ ಬೇಡ ಎಂದು ಬೆರಳು ಆಡಿಸಿದರು.

"ನನ್ನ ಹತ್ತಿರ ಉತ್ತರ ಇಲ್ಲ," ಎಂದರು.

"ಹಾಗಾದರೆ ಬಿಡಿ ನನ್ನನ್ನು."

"ಇಲ್ಲ," ಎಂದರು ಮಾಸ್ಟ್ರು. "ಉತ್ತರ ಇಲ್ಲ. ಆದರೂ ಹೋಗು."

"ಥೂ! ಎಂಥ ಯಜಮಾನ ಇವನು!" ಎಂದು ನನ್ನ ಪಕ್ಕದಲ್ಲಿದ್ದ ಗೆಳತಿ ಬೇಬಿ ಎದ್ದೇ ನಿಂತಳು. ಇನ್ನು ನಾಲ್ಕು ಜನ ಎದ್ದರು. ಯಾರೋ "ಬಿಡಬೇಡಿ ಲೋಕಯ್ಯಣ್ಣಾ!" ಎಂದು ಕೂಗಿದರು. ಮಾಸ್ಟ್ರು ಆ ಸಿಟ್ಟನ್ನು ಮುಖದ ಮೇಲೆ ಮಳೆ ಬಿದ್ದ ಹಾಗೆ ಕಣ್ಣು ಮುಚ್ಚಿ ತೆಗೆದುಕೊಂಡರು.

ಲೋಕಯ್ಯಣ್ಣ ಎದ್ದರು. ತಾಳಮದ್ದಳೆಯಲ್ಲಿ ಏಳುವ ಕ್ರಮ ಇಲ್ಲ, ಆದರೂ ಎದ್ದರು. "ಹೋಗುತ್ತೇನೆ. ಕಟ್ಟಿ ಗೋಡೆ. ಆದರೆ ನೆನಪಿರಲಿ, ಒಳಗಿರುವವಳು ಗೆದ್ದವಳು, ಹೊರಗಿರುವವರು ಸೋತವರು. ನಾಳೆ ಮಕ್ಕಳು ಕೇಳಿದರೆ ಸುಳ್ಳು ಹೇಳಬೇಡಿ." ಅಷ್ಟು ಹೇಳಿ ಕೈಮುಗಿದು ಚಾಪೆಯಿಂದ ಇಳಿದುಬಿಟ್ಟರು.

ಅವರು ಇಳಿದದ್ದೇ ತಡ, ಮಾಸ್ಟ್ರು ಎರಡೂ ಕೈಯಿಂದ ಪೊರ್ಬುಗಳ ಅಂಗಿ ಹಿಡಿದರು. ಅರ್ಧ ಇಂಗ್ಲಿಷು, ಅರ್ಧ ಅವರ ಭಾಷೆ, ಬಾಯಿಂದ ಮಾತು ಉಕ್ಕುತ್ತಿತ್ತು. "ಅವಳು ಹಾಡುವುದಿಲ್ಲ! ಗೊತ್ತಾಯಿತಾ? ಅವಳು ಮಾತಾಡಿ ಹೋಗುತ್ತಾಳೆ! ಹಾಡಬೇಕಾದವನು ಯಜಮಾನ! ಜೀವಮಾನವಿಡೀ ನಾನು ಸಾಯುವವರಿಗೇ ಹಾಡು ಕೊಟ್ಟೆ. ಅವರಿಗೆ ಹಾಡು ಯಾಕೆ? ಉತ್ತರ ಇಲ್ಲದೆ ಹೊರಗೆ ಉಳಿದವನಿಗೆ ಬೇಕು ಹಾಡು! ಗೋಡೆಯ ಮುಂದೆ ಒಬ್ಬನೇ ನಿಂತು, ನಿಲ್ಲಿಸಲಾಗದೆ ಹಾಡಬೇಕು ಅವನು! ಪೆನ್ಸಿಲ್! ಪೆನ್ಸಿಲ್ ಕೊಡಿ!"

ಲೋಕಯ್ಯಣ್ಣನ ಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡಿತ್ತು. ಮಾಸ್ಟ್ರು ಅದನ್ನೇ ಕಿತ್ತುಕೊಂಡು ತಾರಸಿಯ ಸಿಮೆಂಟಿನ ಮೇಲೆ ಐದು ಗೆರೆ ಎಳೆದು, ಸ್ವರದ ಚುಕ್ಕಿ ಇಡಲು ಶುರು ಮಾಡಿಯೇಬಿಟ್ಟರು. ಜನ ಚಾಪೆ ಸುತ್ತಿ ಜಾಗ ಬಿಟ್ಟುಕೊಟ್ಟರು. ಸೀಮೆಸುಣ್ಣ ಹಿಡಿದು ಅಂಬೆಗಾಲಿಕ್ಕುತ್ತಾ ಮಾಸ್ಟ್ರು ಮುಂದೆ, ಅವರು ಬರೆದದ್ದನ್ನು ಕಾಗದಕ್ಕೆ ಇಳಿಸುತ್ತಾ ಪೊರ್ಬುಗಳು ಹಿಂದೆ. ಕಪ್ಪು ಬೋ ಬಿಚ್ಚಿ ನೇತಾಡುತ್ತಿತ್ತು.

ರಮಾನಾಥರು ನನ್ನ ಹತ್ತಿರ ಬಂದು, "ಚಂದ್ರಕ್ಕಾ, ಮಂಗಳ ಹಾಡದೆ ಏಳುವ ಹಾಗಿಲ್ಲವಲ್ಲ, ಇವರನ್ನು ಹೇಗೆ ಎಬ್ಬಿಸುವುದು?" ಎಂದು ಪಿಸುಗುಟ್ಟಿದರು.

"ನೀವು ಹಾಡಿ. ಅವರಿಗೆ ಈಗ ಎಂಥದೂ ಕೇಳುವುದಿಲ್ಲ," ಎಂದೆ.

ಹಾಡಿದರು. ಮಂಗಳದ ತಾಳಕ್ಕೆ ಮಾಸ್ಟ್ರ ತಲೆ ತೂಗುತ್ತಿತ್ತು, ಸೀಮೆಸುಣ್ಣ ಮಾತ್ರ ತನ್ನದೇ ತಾಳದಲ್ಲಿ ಓಡುತ್ತಿತ್ತು.

ಆಮೇಲಿನ ದಿನಗಳಲ್ಲಿ ನಾನು ಎಷ್ಟು ಕಾಫಿ ಮಾಡಿದೆನೋ! ಎರಡೆರಡೇ ಮಾಡಿದ್ದು. ಪಿಯಾನೋದ ಮುಚ್ಚಳ ಬೀಳಲೇ ಇಲ್ಲ. ಪೊರ್ಬುಗಳು ಆಫೀಸಿಗೆ ಜ್ವರವೆಂದು ಹೇಳಿ ಬೆಳಗ್ಗೆಯೇ ಬಂದು ಕೂರುತ್ತಿದ್ದರು. ತಿಂಗಳು ಮುಗಿಯುವ ಮುಂಚೆ ಕಾಗದದ ದಪ್ಪ ಕಟ್ಟನ್ನು ಮೇಡಮ್ಮು ತಾನೇ ಮುಹರ್ರಕ್‌ನ ವಿಮಾನ ನಿಲ್ದಾಣಕ್ಕೆ ಒಯ್ದು ಕಳಿಸಿ ಬಂದರು. ಬೇಸಿಗೆ ಬರುವ ಮೊದಲು ಮಾಸ್ಟ್ರೂ ಹೋದರು. ಹೋಗುವಾಗ ನನ್ನ ಎರಡೂ ಕೈ ಹಿಡಿದು ಏನೋ ಹೇಳಿದರು, ಅವರ ಭಾಷೆಯಲ್ಲಿ. ನಾನೂ ತುಳುವಿನಲ್ಲಿ "ಪೋದು ಬಲೆ ಮಾಸ್ಟ್ರೇ, ಹೋಗಿ ಬನ್ನಿ," ಎಂದೆ.

ಜೂನ್ ತಿಂಗಳಲ್ಲಿ ಒಂದು ಬೆಳಗ್ಗೆ ಫೋನು ಬಡಿದುಕೊಂಡಿತು. ಮೇಡಮ್ಮು ಕೇಳಿ ಕೇಳಿ, ಫೋನು ಇಟ್ಟವರೇ ನನ್ನನ್ನು ತಬ್ಬಿಕೊಂಡು ಅಡುಗೆಮನೆಯಲ್ಲಿ ಸುತ್ತು ತಿರುಗಿಸಿದರು. ಆಟ ಆಯಿತಂತೆ! ಯಜಮಾನ ಒಬ್ಬನೇ ಹಾಡಿ ಪರದೆ ಬಿದ್ದಾಗ ಜನ ಎಷ್ಟೋ ಹೊತ್ತು ಚಪ್ಪಾಳೆ ತಟ್ಟಲೇ ಇಲ್ಲವಂತೆ. ಮಾಸ್ಟ್ರು ಮುಗಿಯಿತು ನನ್ನ ಕಥೆ ಎಂದು ಟೊಪ್ಪಿ ಹುಡುಕುತ್ತಿದ್ದರಂತೆ. ಆಮೇಲೆ ಇಡೀ ನಾಟಕಶಾಲೆ ಎದ್ದು ನಿಂತಿತಂತೆ.

ಆ ಶುಕ್ರವಾರವೇ ನಾನು ಪೊರ್ಬುಗಳನ್ನು ಹೊರಡಿಸಿಕೊಂಡು ಮನಾಮದ ಟೈಲರ್ ಅಂಗಡಿಗೆ ಹೋದೆ. ಲೋಕಯ್ಯಣ್ಣ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡು ಯಾರದೋ ಕೋಟಿಗೆ ಕತ್ತರಿ ಹಾಕುತ್ತಿದ್ದರು. ನಾನು ಏದುಸಿರು ಬಿಡುತ್ತಾ ಎಲ್ಲ ಹೇಳಿದೆ. ಕತ್ತರಿ ನಿಲ್ಲಿಸಿ ಕೇಳಿದರು.

"ನನ್ನ ಅರ್ಥ ಯಾರು ಹೇಳಿದ್ದು ಅಲ್ಲಿ?"

"ಒಬ್ಬಳು ಹೆಂಗಸಂತೆ ಲೋಕಯ್ಯಣ್ಣ."

"ಹೆಂಗಸಾ!" ಮೀಸೆ ಮೇಲೇರಿತು. "ಅವಳಿಗೆ ವಾದ ಮಾಡಲಿಕ್ಕೆ ಬರುತ್ತದಾ? ಹೋಗಲಿ, ಕೊನೆಗೆ ಅವಳಿಗೆ ಒಳ್ಳೆಯ ಒಂದು ಹಾಡಾದರೂ ಉಂಟಾ?"

"ಇಲ್ಲ," ಎಂದರು ಪೊರ್ಬುಗಳು. "ಅವಳು ಮಾತಾಡಿ ಹೋಗುವುದು ಅಷ್ಟೇ. ಹಾಡೆಲ್ಲ ಯಜಮಾನನಿಗೆ. ಜನ ಎದ್ದು ನಿಂತದ್ದೂ ಅವನ ಹಾಡಿಗೆ."

ಲೋಕಯ್ಯಣ್ಣ ಅಳತೆ ಪಟ್ಟಿಯನ್ನು ಕೊರಳಿನಿಂದ ಎಳೆದು ಮೇಜಿನ ಮೇಲೆ ಬಿಸಾಡಿದರು.

"ನಾನು ಗೆದ್ದದ್ದು, ಕೈತಟ್ಟಿಸಿಕೊಂಡದ್ದು ಅವನು! ಚಂದ್ರಕ್ಕಾ, ಮುಂದಿನ ತಾಳಮದ್ದಳೆಗೆ ಯಜಮಾನನ ಅರ್ಥ ನನಗೆ ಎಂದು ರಮಾನಾಥರಿಗೆ ಈಗಲೇ ಹೇಳಿಬಿಡಿ. ಹುಡುಗಿಯನ್ನು ಬೇಕಾದರೆ ತಾರಾನಾಥ ಮಾಡಲಿ!"